ಬಚ್ಚಲಿನ ಫ್ಯಾನು

ಕೆಳಗಿನ ಮನೆಯ ಸಿಗರೇಟಿನ ಹೊಗೆ ನಮ್ಮ ಬಚ್ಚಲಿಗೆ ಬರುತ್ತದೆ ಎಂದು ಓನರಿಗೆ ಮೊದಲ ಸಲ ಹೇಳಿದಾಗ ಅವರು ಕಿಟಕಿ ಮುಚ್ಚಿ ಎಂದರು. ಮುಚ್ಚಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ ಎಂದೆ. ಹಾಗಾದರೆ ತೆಗೆಯಿರಿ ಎಂದರು. ಬಾಡಿಗೆಯವರ ಸಕಲ ಕಷ್ಟಗಳಿಗೂ ಅವರ ಬಳಿ ಇರುವುದು ಈ ಎರಡೇ ಔಷಧ.

ನನ್ನ ಮೂಗಿನ ಪ್ರಶ್ನೆಯಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ನನ್ನ ಚಿಂತೆ ಅಪ್ಪನದು. ಸೋಪಿನ ಕಾರ್ಖಾನೆಯಲ್ಲಿ ಜೀವಮಾನವಿಡೀ ಬಾಯ್ಲರ್ ನೋಡಿಕೊಂಡವನು. ಬಾಯ್ಲರ್ ಎಷ್ಟು ಹೊಗೆ ಬಿಟ್ಟಿತೋ ಅಪ್ಪನೂ ಹೆಚ್ಚುಕಡಿಮೆ ಅಷ್ಟೇ ಬಿಟ್ಟಿದ್ದ. ಕಳೆದ ವರ್ಷ ಉಸಿರು ಕಟ್ಟಿ ಆಸ್ಪತ್ರೆ ಸೇರಿದ ಮೇಲೆ ಸಿಗರೇಟು ನಿಂತಿತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನು ಬೇರೆಯವರ ಹೊಗೆಯೂ ಸೋಕಬಾರದು, ಇನ್ನೊಂದು ಸಲ ಹೀಗೆ ಬಂದರೆ ಉಳಿಸಿಕೊಳ್ಳುವುದು ಕಷ್ಟ ಎಂದರು. ತರಕಾರಿ ಹೆಚ್ಚುತ್ತ ಮಾತಾಡುವವರ ದನಿಯಲ್ಲಿ ಹೇಳಿದರು. 

ಕೆಳಗಿನ ಮನೆಯವರದು ಕಾರು ಕಲಿಸುವ ಕೆಲಸ. ಕಟ್ಟಡದವರೆಲ್ಲ ಕ್ಲಚ್ ಮೇಷ್ಟ್ರು ಎನ್ನುತ್ತಾರೆ. ಬ್ರೇಕ್ ಒತ್ತಿ ಎಂದರೆ ಆಕ್ಸಿಲರೇಟರ್ ಒತ್ತುವವರ ಪಕ್ಕದಲ್ಲಿ ದಿನವಿಡೀ ಜೀವ ಕೈಯಲ್ಲಿ ಹಿಡಿದು ಕೂತು ಬರುತ್ತಾರೆ. ಬಂದವರು ಒಂದು ಹಚ್ಚುತ್ತಾರೆ. ಹಾಲ್‌ನಲ್ಲಿ ಸೇದಿದರೆ ಹೆಂಡತಿ ಬಿಡುವುದಿಲ್ಲ, ಅದಕ್ಕೇ ಬಚ್ಚಲು. ಎಲ್ಲ ಮಹಡಿಯ ಬಚ್ಚಲುಗಳ ಕಿಟಕಿಯೂ ಗಾಳಿಗೆಂದು ಕಟ್ಟಡದ ನಡುವೆ ಬಿಟ್ಟ ಒಂದೇ ಡಕ್ಟಿಗೆ ತೆರೆಯುವುದರಿಂದ ಅವರ ಭಯವೆಲ್ಲ ಹೊಗೆಯಾಗಿ ನಮ್ಮಲ್ಲಿಗೆ ಏರುತ್ತಿತ್ತು. ನಾನು ಇಳಿದು ಹೋಗಿ ಮರ್ಯಾದೆಯಿಂದಲೇ ಹೇಳಿದೆ. ಅವರೂ ಮರ್ಯಾದೆಯಿಂದಲೇ ಒಪ್ಪಿ, ಕಡಿಮೆ ಮಾಡುತ್ತೇನೆ ಎಂದರು.

ಕಡಿಮೆಯಾದರೆ ಸಾಲದಲ್ಲ. ಒಳಗಿನ ಗಾಳಿಯನ್ನು ಹೊರಗೆ ದೂಡುವ ಒಂದು ಎಕ್ಸಾಸ್ಟ್ ಫ್ಯಾನ್ ತಂದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಲು ಹೊರಟರೆ ಅಪ್ಪ ಮುಖ ಗಂಟು ಹಾಕಿಕೊಂಡ. ಬಾಯ್ಲರ್‌ಗೆ ಗಾಳಿ ಊದಿಸಿದವನು ಮನೆಯಲ್ಲಿರುವಾಗ ಹೊರಗಿನವನು ಯಾಕೆ ಎಂದ. ಸ್ಟೂಲು ಹತ್ತಿ ಬಚ್ಚಲಿನ ಕಿಟಕಿಗೆ ಒಂದೇ ಏಟಿಗೆ ಕೂರಿಸಿ ಇಳಿದ. ನಾನು ಹೆಮ್ಮೆಯಿಂದ ಕೆಲಸಕ್ಕಿರುವ ಕನ್ನಡಕದ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದೆ.

ಫ್ಯಾನ್ ಬಂದ ಮೇಲೆ ಹೊಗೆ ಹೆಚ್ಚಾಯಿತು. ಟವೆಲ್ಲು, ಸೋಪು, ಒಗೆದ ಬಟ್ಟೆ ಎಲ್ಲ ಸಿಗರೇಟು ನಾತ. ಅಂಗಡಿಯಲ್ಲಿ ಒಬ್ಬ ಹೆಂಗಸಿನ ಕಿವಿಗೆ ಫ್ರೇಮು ಹೊಂದಿಸುತ್ತಿದ್ದಾಗ ಆಕೆ ಹಿಂದೆ ಸರಿದು, ನೀವು ಸೇದುತ್ತೀರಾ ಎಂದು ಕೇಳಿಬಿಟ್ಟಳು. ಆ ಸಂಜೆ ಮೇಷ್ಟ್ರ ಮನೆಗೆ ಹೋದಾಗ ಮರ್ಯಾದೆಯನ್ನು ಮೇಲೆಯೇ ಬಿಟ್ಟು ಹೋಗಿದ್ದೆ. ಅವರು ಆಣೆ ಮಾಡಿದರು, ದಿನಕ್ಕೆ ಒಂದಕ್ಕೆ ಇಳಿಸಿದ್ದೇನೆ ಎಂದು. ಸುಳ್ಳು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರ ಹೆಂಡತಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

ಇತ್ತ ಅಪ್ಪ ಬಚ್ಚಲಿಗೆ ಹೋದರೆ ಜಪ್ಪಯ್ಯ ಅಂದರೂ ಹೊರಗೆ ಬರುತ್ತಿರಲಿಲ್ಲ. ಮಲಬದ್ಧತೆ ಎಂದುಕೊಂಡೆ. ಪಪ್ಪಾಯಿ ಹೆಚ್ಚಿ ಕೊಟ್ಟೆ, ಒಣದ್ರಾಕ್ಷಿ ನೆನೆಹಾಕಿ ಕೊಟ್ಟೆ. ಎಂದೂ ಹಣ್ಣು ಮುಟ್ಟದವನು ತುಟಿಪಿಟಕ್ಕೆನ್ನದೆ ತಿಂದ. ಕೆಮ್ಮು ಮಾತ್ರ ಹೆಚ್ಚುತ್ತ ಹೋಯಿತು. ಒಂದೊಂದು ಕೆಮ್ಮಿಗೂ ನಾನು ಮೇಷ್ಟ್ರಿಗೆ ಒಂದೊಂದು ಹಿಡಿಶಾಪ ಹಾಕಿದೆ.

ಭಾನುವಾರ ಮೇಷ್ಟ್ರೇ ಮೇಲೆ ಬಂದರು. ಹೆಂಡತಿ ಕೈಲಿ ಅನ್ನಿಸಿಕೊಂಡು ಸಾಕಾಗಿದೆ, ಒಮ್ಮೆ ನಿಮ್ಮ ಬಚ್ಚಲು ನೋಡಬೇಕು ಎಂದರು. ಬಚ್ಚಲು ಗಲೀಜಾಗಿದೆ, ಇನ್ನೊಂದು ದಿನ ನೋಡಿದರಾಯಿತು ಎಂದು ಅಪ್ಪ ಅಡ್ಡ ಬಂದ. ಬಚ್ಚಲು ತೊಳೆಯಬೇಕಾದ ವಸ್ತು ಎಂಬ ವಿಷಯ ಅವನಿಗೆ ಗೊತ್ತಿದ್ದದ್ದೇ ನನಗೆ ಅವತ್ತು ತಿಳಿದದ್ದು. ಮೇಷ್ಟ್ರು ಒಳಗೆ ಹೋಗಿ ಫ್ಯಾನ್ ಹಾಕಿ, ಜೇಬಿನಿಂದ ತಮ್ಮ ಡ್ರೈವಿಂಗ್ ಸ್ಕೂಲಿನ ಕರಪತ್ರ ತೆಗೆದು ಜಾಲರಿಗೆ ಹಿಡಿದು ಕೈ ಬಿಟ್ಟರು. ಅಂಟಿಕೊಳ್ಳಬೇಕಾಗಿದ್ದ ಕಾಗದ ಹಾರಿ ಬಂದು ನನ್ನ ಮುಖಕ್ಕೆ ಬಡಿಯಿತು.

"ಮೇಡಂ, ಇದು ರಿವರ್ಸಲ್ಲಿದೆ," ಎಂದರು ಮೇಷ್ಟ್ರು, ಕಲಿಯುವವರ ಜೊತೆ ಮಾತಾಡುವಷ್ಟೇ ತಾಳ್ಮೆಯಿಂದ. "ಹೊಗೆ ನಾನು ಕಳಿಸ್ತಿಲ್ಲ. ನೀವು ಎಳ್ಕೋತಿದೀರ."

ವಯಸ್ಸಾಯಿತು, ತಿಳಿಯದೆ ಹಿಂದುಮುಂದಾಗಿ ಕೂರಿಸಿದ್ದಾನೆ ಎಂದು ಹೇಳಲು ಹೊರಟವಳು ಅಪ್ಪನ ಮುಖ ನೋಡಿ ನಿಲ್ಲಿಸಿದೆ. ಅಷ್ಟು ವರ್ಷ ಬೆಂಕಿಗೆ ಗಾಳಿಯ ಹದ ನೋಡಿದವನು ಫ್ಯಾನಿನ ಹಿಂದುಮುಂದು ತಪ್ಪುವುದಿಲ್ಲ. ಅವನು ಗೋಡೆಯ ಟೈಲ್ಸ್ ನೋಡುತ್ತಿದ್ದ. ಮೇಷ್ಟ್ರಿಗೂ ಅರ್ಥವಾಗಿರಬೇಕು, ಕರಪತ್ರ ಎತ್ತಿಕೊಂಡು ಸದ್ದಿಲ್ಲದೆ ಇಳಿದು ಹೋದರು. ಅವರ ಬೆನ್ನು ನೋಡುತ್ತ ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ಸೇದೋದು ಬಿಟ್ಟೆ ಕಣಮ್ಮ," ಎಂದ ಅಪ್ಪ. "ಮೂಸೋದೂ ಬೇಡ್ವಾ?"

ಮೈಯೆಲ್ಲ ಉರಿದುಹೋಯಿತು. ನಾನು ಯಾರನ್ನು ಉಳಿಸಿಕೊಳ್ಳಲು ಊರ ಜನರ ಹತ್ತಿರ ಕಾಲು ಕೆರೆದು ಜಗಳ ಮಾಡುತ್ತಿದ್ದೆನೋ ಅವನೇ ಪಪ್ಪಾಯಿ ತಿಂದುಕೊಂಡು ನನ್ನ ಕಣ್ಣಿಗೆ ಮಣ್ಣೆರಚಿದ್ದ. ಸ್ಟೂಲು ಎಳೆದು ಹಾಕಿ ಸ್ಕ್ರೂಡ್ರೈವರ್ ಅವನ ಕೈಗಿತ್ತೆ. ನೀನೇ ಕೂರಿಸಿದ್ದು, ನೀನೇ ತಿರುಗಿಸು ಎಂದೆ.

ಅಪ್ಪ ಹತ್ತಿದ. ಮೊದಲ ಸ್ಕ್ರೂ ಬಂತು. ಎರಡನೆಯದು ಅರ್ಧಕ್ಕೆ ಬಂದಾಗ ನಿಲ್ಲಿಸಿ ಗೋಡೆ ಹಿಡಿದುಕೊಂಡ. ನಾಟಕ ಎಂದುಕೊಂಡು ನಾನು ಕೈಕಟ್ಟಿ ನಿಂತೇ ಇದ್ದೆ. ಆಮೇಲೆ ಅವನ ಭುಜ ಪ್ರತಿ ಉಸಿರಿಗೂ ಕಿವಿಯವರೆಗೆ ಏರಿ ಇಳಿಯುವುದು ಕಂಡಿತು. ಮತ್ತೆ ಪ್ರಯತ್ನಿಸಿದ. ಸ್ಕ್ರೂಡ್ರೈವರ್ ಜಾರಿತು. ಮುಖ ನನ್ನ ಕಡೆ ತಿರುಗಿಸದೆ ಅದನ್ನು ಹಿಂದಕ್ಕೆ ಚಾಚಿದ.

"ನೀನೇ ತೆಗಿಯಮ್ಮ. ಉಸಿರು ಸಾಲ್ತಿಲ್ಲ."

ಇಷ್ಟು ವರ್ಷಗಳಲ್ಲಿ ಅಪ್ಪ ತನ್ನ ಕೈಲಾಗುವುದಿಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಬರೀ ಭಯ ಉಳಿಯಿತು. ಅವನನ್ನು ತಬ್ಬಿ ಇಳಿಸಿದೆ. ನಾನು ಅಂದುಕೊಂಡದ್ದಕ್ಕಿಂತ ಬಹಳ ಹಗುರವಾಗಿದ್ದ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರಿಸಿ, ನಾನು ಸ್ಟೂಲು ಹತ್ತಿ ಫ್ಯಾನ್ ಬಿಚ್ಚಿದೆ. ಯಾವ ಮುಖ ಹೊರಗೆ ಬರಬೇಕು ಎಂದು ಕೇಳಿದೆ. ಅಪ್ಪ ಬಾಯಿ ತೆರೆದ, ಮಾತು ಬರಲಿಲ್ಲ. ಕೈ ಎತ್ತಿ ತೋರಿಸಿದ.