ತುಳಜಾಬಾಯಿಯ ಪಂಚಗಣಿ

ತಲೆ ಮತ್ತೆ ಎದೆಯ ಮೇಲೆ ವಾಲಿತು. ಬಸವಣಪ್ಪ ಅಕ್ಕನ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಮಠದ ಅಯ್ನೋರು ಹಣೆಯ ಸುತ್ತ ಬಿಳಿ ವಸ್ತ್ರ ಸುತ್ತಿ ಗೋಡೆಯ ಮೊಳೆಗೆ ಬಿಗಿದರು. ಹೆಣ ನೆಟ್ಟಗೆ ಕೂತಿತು. ಕೊರಳಲ್ಲಿ ಚೆಂಡುಹೂವಿನ ಮಾಲೆ, ಹಣೆ ತುಂಬ ವಿಭೂತಿ. ಅರವತ್ತೆಂಟು ವರ್ಷದ ತುಳಜಾಬಾಯಿ ಬದುಕಿದ್ದಾಗ ಈ ನಡುಮನೆಯಲ್ಲಿ ಇಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಬಸವಕಲ್ಯಾಣದ ಪೇಟೆಯಲ್ಲಿ ಬಸವಣಪ್ಪನ ಕಿರಾಣಿ ಅಂಗಡಿ ಅಂದು ತೆರೆದಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಅಂಗಳದಲ್ಲಿ ಭಜನೆಯವರು ಕೂತಿದ್ದರು. ತುಳಜಾಬಾಯಿಯ ಗಂಡನ ಕಡೆಯವರು ಹುಮನಾಬಾದದ ಹತ್ತಿರದ ಹುಡಗಿ ಎಂಬ ಊರಿನಿಂದ ಬರುವುದೊಂದು ಬಾಕಿ. ಅವರನ್ನು ಕರೆತರಲು ಬಸವಣಪ್ಪನ ಮಗ ಶಂಕರಲಿಂಗ ಮುಂಜಾನೆಯೇ ಜೀಪು ತೆಗೆದುಕೊಂಡು ಹೋಗಿದ್ದ.

ಸೊಸೆ ರೂಪಾಲಿ ಬಾಗಿಲಲ್ಲಿ ಬಂದು ನಿಂತಳು.

“ಮಾವಾರ, ಗಾಡಿ ಹುಮನಾಬಾದ ಬಿಟ್ಟದಂತ. ಜೋಡಿ ಇನ್ನೊಬ್ರು ಬರಾಕತ್ತಾರ. ಪಂಚಗಣಿಯಿಂದ.”

ಬಸವಣಪ್ಪನ ಕೈ ಅಕ್ಕನ ಗದ್ದದಿಂದ ಜಾರಿತು. ಅಯ್ನೋರ ಗಂಟು ಗಟ್ಟಿಯಾಗಿತ್ತು, ತಲೆ ಅಲುಗಲಿಲ್ಲ.

*

ಇಪ್ಪತ್ತೇಳಕ್ಕೆ ಗಂಡ ಸತ್ತಾಗ ತುಳಜಾಬಾಯಿ ತಮ್ಮನ ಮನೆ ಸೇರಿದ್ದಳು. ಹದಿನಾಲ್ಕು ವರ್ಷ ಇಲ್ಲಿಯ ಒಲೆ, ಇಲ್ಲಿಯ ಬಾಣಂತನ, ಇಲ್ಲಿಯ ಹಪ್ಪಳ ಶಾವಿಗೆ. ಆಮೇಲೆ ಪರಿಚಯದ ಮಾಸ್ತರರೊಬ್ಬರು ಪಂಚಗಣಿಯ ಒಂದು ಶಾಲೆಯ ವಸತಿಗೃಹಕ್ಕೆ ಅಡುಗೆಯವಳು ಬೇಕು ಎಂದಾಗ, ಯಾರೂ ಎಣಿಸದ ಹಾಗೆ, ನಾನು ಹೋಗುತ್ತೇನೆ ಎಂದಳು. ಒಂದು ವರ್ಷದಲ್ಲಿ ಸೋತು ಬರುತ್ತಾಳೆ ಎಂದುಕೊಂಡು ಬಸವಣಪ್ಪ ಬಸ್ಸು ಹತ್ತಿಸಿದ. ಅವಳು ಹದಿನಾಲ್ಕು ವರ್ಷ ಬರಲಿಲ್ಲ.

ಅವನು ಅಲ್ಲಿಗೆ ಹೋದದ್ದು ಒಂದೇ ಸಲ, ಮಳೆಗಾಲದಲ್ಲಿ. ವಾಯಿ ಊರಿನಿಂದ ಬಸ್ಸು ಘಟ್ಟ ಹತ್ತುತ್ತ ಹತ್ತುತ್ತ ಮಂಜಿನೊಳಗೆ ಹೊಕ್ಕಿತು. ಪೇಟೆಯ ಹಿಂದಿನ ಓಣಿಯಲ್ಲಿ ಅಕ್ಕನದು ಒಂದೇ ಕೋಣೆ. ಕಿಟಕಿ ತೆರೆದರೆ ಮೋಡ ಒಳಗೆ ಬರುತ್ತಿತ್ತು. ಮೂರು ತಿಂಗಳು ಬಟ್ಟೆ ಒಣಗುವುದಿಲ್ಲ, ಹಿಟ್ಟಿಗೆ ಬೂಸಲು ಹಿಡಿಯುತ್ತದೆ ಎಂದು ಅವಳು ಹೇಳಿದ್ದಳು. ಆದರೆ ಅದನ್ನು ಮನೆಯ ತುಂಟ ಕೂಸಿನ ಚಾಡಿ ಹೇಳಿದ ಹಾಗೆ ಹೇಳಿದ್ದಳು. ವಿಧವೆಯಾದ ಅಕ್ಕ ಗಿಣಿಹಸಿರು ಸ್ವೆಟರು ತೊಟ್ಟಿದ್ದಳು. ಕಾಲಲ್ಲಿ ಕ್ಯಾನ್ವಾಸ್ ಬೂಟು. ಸಂಜೆ ಅವನನ್ನು ಊರ ನೆತ್ತಿಯ ಬಯಲಿಗೆ ಕರೆದೊಯ್ದಳು. ಹಾಸುಗಲ್ಲಿನ ದೊಡ್ಡ ಮೈದಾನ, ಅದರ ಅಂಚಿಗೆ ಒಮ್ಮೆಗೇ ಆಳ, ಆಳದಲ್ಲಿ ಕೃಷ್ಣೆಯ ನೀರು. ಅಲ್ಲಿ ಕೋಣೆಯ ಒಡತಿ, ಎಲ್ಲರೂ ಆಪಾ ಎಂದು ಕರೆಯುವವಳು, ಕಾಯುತ್ತಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಕೂತು ಸುಟ್ಟ ಗೋವಿನಜೋಳ ತಿಂದರು, ಹೋಗಿಬರುವ ಕುದುರೆಗಳಿಗೆ ಹೆಸರಿಟ್ಟು ನಕ್ಕರು. ಅಕ್ಕ ಬಾಯಿ ತೆರೆದು ನಗುತ್ತಾಳೆಂಬುದು ಬಸವಣಪ್ಪನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಯಾಕೋ ಅದು ಅವನಿಗೆ ಸರಿಬರಲಿಲ್ಲ.

“ಇಲ್ಲಿ ನಿನಗ ಏನ್ ಅದ ಅಂತ ಕುಂತಿ?” ಎಂದು ಕೇಳಿದ್ದ.

“ಏನಿಲ್ಲೋ. ಕೆಲಸ ಮುಗೀತಂದ್ರ ಸಂಜೀಕ ಇಲ್ಲಿ ಬರ್ತೀನಿ. ಯಾರೂ ಎಲ್ಲಿಗಿ ಹೊಂಟಿ ಅಂತ ಕೇಳಂಗಿಲ್ಲ,” ಎಂದಿದ್ದಳು.

*

ಜೀಪು ಬಂದಾಗ ಬಿಸಿಲು ಏರಿತ್ತು. ಮೊದಲು ಇಳಿದವರು ತುಳಜಾಬಾಯಿಯ ಮೈದುನ ಮಹಾರುದ್ರಪ್ಪ. ಹಿಂದಿನ ಸೀಟಿನಿಂದ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಇಳಿದಳು, ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ಸಣ್ಣ ಚೀಲ. ಅವಳು ಆಪಾನ ಮಗಳು ಗಜಾಲಾ. ಪುಣೆಯ ಬಸ್ಸಿನಲ್ಲಿ ನಿದ್ದೆ ಹತ್ತಿ ಇಳಿಯುವ ಜಾಗ ದಾಟಿ ಹುಮನಾಬಾದಕ್ಕೆ ಹೋಗಿದ್ದಳು. ಅಲ್ಲಿಂದ ರೂಪಾಲಿಗೆ ಫೋನು ಮಾಡಿದಾಗಲೇ ಸಾವಿನ ಸುದ್ದಿ ತಿಳಿದದ್ದು; ರೂಪಾಲಿಯೇ ಗಂಡನಿಗೆ ಹೇಳಿ ಜೀಪು ಹತ್ತಿಸಿದ್ದಳು.

ಮಹಾರುದ್ರಪ್ಪ ಹೆಣದ ಮುಂದೆ ಕೂತು ಬಸವಣಪ್ಪನ ಹೆಗಲ ಮೇಲೆ ಕೈಯಿಟ್ಟರು.

“ಗುಡ್ಡಗಾಡಿನ್ಯಾಗ ಮಂದಿ ಎಂಜಲ ತೊಳಕೋತ ಬಿದ್ದಿದ್ಲು, ಪಾಪ. ನೀ ಮನಿಗಿ ಕರಸ್ಕೊಂಡಿ. ಇಂಥ ತಮ್ಮ ಯಾರಿಗಿ ಸಿಗ್ತಾನ?”

ಅಂಗಳದವರು ಹೌದೆಂದರು. ಹಾಸಿಗೆ ಹಿಡಿದ ತಾಯಿಯನ್ನು ಆರು ವರ್ಷ ಅವಳೇ ನೋಡಿದಳೆಂದರು, ತಾಯಿಯ ಸಲುವಾಗಿ ಎಲ್ಲ ಬಿಟ್ಟು ಬಂದಳೆಂದರು. ಮಾತು ತಿಳಿಯದ ಗಜಾಲಾ ರೂಪಾಲಿಯನ್ನು ಮೆಲ್ಲಗೆ ಕೇಳಿದಳು. ರೂಪಾಲಿ ಒಂದೂ ಬಿಡದೆ ಹಿಂದಿಯಲ್ಲಿ ಹೇಳಿದಳು.

ಗಜಾಲಾ ಯಾರ ಜೊತೆಯೂ ವಾದಿಸಲಿಲ್ಲ. ಬಸವಣಪ್ಪನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು. ಹದಿಮೂರು ವರ್ಷದ ಹಿಂದೆ ಫೋನಿನಲ್ಲಿ ತುಳಜಾ ಮೌಶಿ ಸತ್ತಳೆಂದು ನಮ್ಮ ಅಮ್ಮನಿಗೆ ಯಾಕೆ ಹೇಳಿದಿರಿ?

ಅವಳ ಹಿಂದಿ ಅರ್ಥವಾಗದವರು ಅಲ್ಲಿ ಒಬ್ಬರೂ ಇರಲಿಲ್ಲ. ಭಜನೆಯವರ ತಾಳ ನಿಂತಿತು. ಬಸವಣಪ್ಪ ಎದ್ದು ಹಿತ್ತಲಿಗೆ ನಡೆದ.

*

ತಾಯಿಗೆ ಲಕ್ವಾ ಹೊಡೆದಾಗ ಬಸವಣಪ್ಪನ ಹೆಂಡತಿ ಆಗಲೇ ತೀರಿದ್ದಳು, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಇನ್ನೆರಡು ದಿನ ಉಳಿಯುವುದಿಲ್ಲ, ಮುಖ ನೋಡಿ ಹೋಗು ಎಂದು ಅವನು ಅಕ್ಕನನ್ನು ಕರೆಸಿದ. ಎರಡು ದಿನವೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಅವಳು ಎರಡೇ ಸೀರೆ ತಂದಿದ್ದಳು.

ಅವಳ ಹತ್ತಿರ ಮೊಬೈಲು ಇರಲಿಲ್ಲ. ಆಪಾನ ಫೋನು ಅಂಗಡಿಗೆ ಬರುತ್ತಿತ್ತು. ತುಳಜಾ ಯಾವಾಗ ಬರುತ್ತಾಳೆ, ಕೋಣೆ ಹಾಗೇ ಇಟ್ಟಿದ್ದೇನೆ, ಸ್ಟ್ರಾಬೆರಿ ಬಂದಿದೆ ಎಂದು ಅವಳಿಗೆ ಹೇಳು ಎನ್ನುತ್ತಿದ್ದಳು. ಬಸವಣಪ್ಪ ಬರುವ ತಿಂಗಳು ಎಂದ, ದೀಪಾವಳಿಗೆ ಎಂದ. ಅಕ್ಕನಿಗೆ ಒಂದನ್ನೂ ತಿಳಿಸಲಿಲ್ಲ. ಐದನೆಯ ಸಲ ಗಿರಾಕಿಗಳು ಎದುರಿಗಿದ್ದರು; “ವೋ ಗುಜರ್ ಗಯೀ,” ತೀರಿಹೋದಳು, ಎಂದುಬಿಟ್ಟ. ಆ ಕಡೆ ಹೆಂಗಸು ಅಳತೊಡಗಿದಳು. ಅವನು ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಒಬ್ಬರಿಗೆ ಒಂದು ಕಿಲೋ ಬೆಲ್ಲ ತೂಗಿ ಕೊಟ್ಟ.

ತಾಯಿ ತೀರಿದ ಮೇಲೆ ತುಳಜಾಬಾಯಿ ಹಿಂದಿರುಗುತ್ತೇನೆ ಎಂದಳು. ಕೋಣೆ ಬೇರೆಯವರಿಗೆ ಹೋಯಿತು, ನಿನ್ನನ್ನು ಅಲ್ಲಿ ನೆನೆಯುವವರು ಯಾರಿದ್ದಾರೆ, ಇಷ್ಟು ವರ್ಷದಲ್ಲಿ ಒಬ್ಬರಾದರೂ ಫೋನು ಮಾಡಿದರೇ ಎಂದು ಅವನು ಕೇಳಿದ. ಅವಳು ಇಲ್ಲ ಎಂದಳು. ಆಮೇಲೆ ಮೊಣಕಾಲು ಸೋಲುವವರೆಗೆ ದಿನಾ ಸಂಜೆ ಕಲ್ಯಾಣದ ಕೋಟೆ ಹತ್ತಿ ಕೂತು ಬರುತ್ತಿದ್ದಳು. ವಯಸ್ಸಾದವಳಿಗೆ ಇದೇನು ಹುಚ್ಚು ಎಂದು ಓಣಿಯವರು ನಗುತ್ತಿದ್ದರು. ಬಸವಣಪ್ಪನೂ ಅವರ ಜೊತೆ ನಕ್ಕಿದ್ದ.

*

ರೂಪಾಲಿ ಹಿತ್ತಲಿಗೆ ಬಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ಹನ್ನೆರಡು ದಿನದ ಹಿಂದ ನಾನೇ ಮೊಬೈಲ್‍ನ್ಯಾಗ ಹುಡುಕಿ ಅತ್ತಿಗಿ ಪಂಚಗಣಿ ಮನಿ ತೋರಿಸ್ದೆ. ಈಗ ಅಲ್ಲಿ ಬಂದ ಮಂದಿಗಿ ರೂಮ್ ಕೊಡ್ತಾರ. ಬಾಗಲ ನೋಡಿ ಅತ್ತಿ ಗುರುತು ಹಿಡದ್ರು. ಅಲ್ಲೇ ನಂಬರ್ ಇತ್ತು, ಫೋನ್ ಹಚ್ಚಿ ಕೊಟ್ಟೆ.”

“ಮಾತಾಡಿದಳಾ?”

“ಮಾತಾಡಿದ್ರು. ನೀ ಸತ್ತಿದ್ದಿ ಅಂತ ನಿನ್ನ ತಮ್ಮ ಹೇಳಿದ್ದ ಅಂತ ಆಪಾ ಅಂದ್ರು. ಅತ್ತಿಗಿ ಎಲ್ಲಾ ಗೊತ್ತಿತ್ರಿ, ಮಾವಾರ.”

ಹನ್ನೆರಡು ದಿನ. ದಿನಾ ಮುಂಜಾನೆ ಅವನು ಕಾಯಿಲೆ ಬಿದ್ದ ಅಕ್ಕನ ಹಾಸಿಗೆಯ ಬಳಿ ಕೂತರೆ ಅವಳು ಗೋಡೆಗೆ ಮುಖ ಮಾಡುತ್ತಿದ್ದಳು. ನೋವು ತಡೆಯಲಾರದೆ ಹಾಗೆ ಮಾಡುತ್ತಾಳೆ ಎಂದು ಅವನು ಬಂದವರಿಗೆಲ್ಲ ಹೇಳಿದ್ದ.

“ನನಗ ಏನರ ಹೇಳಂತ ಅಂದ್ಳೇನು?”

“ಇಲ್ರಿ. ಗಜಾಲಾ ಬಂದ್ರ ಆಕಿ ಜೋಡಿ ಹೋಗ್ತೀನಿ, ಒಂದು ಚೀಲ ಕಟ್ಟಿಡು ಅಂದ್ರು. ಕಟ್ಟಿಟ್ಟೀನಿ.”

*

ಹೊಲದಲ್ಲಿ ಕುಣಿ ತೋಡಿದ್ದರು. ಕೂತ ಹೆಣವನ್ನು ಕೂತ ಹಾಗೆಯೇ ಇಳಿಸಿದರು. ಅಯ್ನೋರು ಮಂತ್ರ ಹೇಳಿ ಎಡಗೈಯಲ್ಲಿ ಲಿಂಗವಿಟ್ಟರು, ಸುತ್ತ ಬಿಲ್ವಪತ್ರಿ, ವಿಭೂತಿ. ಮಹಾರುದ್ರಪ್ಪ ದೂರ ನಿಂತಿದ್ದರು. ಮೊದಲ ಹಿಡಿ ಮಣ್ಣು ತಮ್ಮನೇ ಹಾಕಬೇಕು ಎಂದರು ಅಯ್ನೋರು.

ಬಸವಣಪ್ಪ ಬಗ್ಗಿ ಮಣ್ಣು ಎತ್ತಿಕೊಂಡ. ಆಗ ಗಜಾಲಾ ಮೊಬೈಲನ್ನು ಅವನ ಮುಂದೆ ಹಿಡಿದಳು. ಪರದೆಯ ತುಂಬ ಒಬ್ಬ ಮುದುಕಿಯ ಮುಖ, ಅದರ ಹಿಂದೆ ತೆರೆದ ಕಿಟಕಿ, ಕಿಟಕಿಯಲ್ಲಿ ಬರೀ ಬಿಳುಪು. ಆಪಾ ಅವನನ್ನು ನೋಡಿದಳು. ಬಯ್ಯಲಿಲ್ಲ. ತುಳಜಾಬಾಯಿಯ ಬಾಯಿಂದಲೇ ಕಲಿತಿರಬೇಕಾದ ಮುರುಕು ಕನ್ನಡದಲ್ಲಿ ಕೇಳಿದಳು:

“ಈ ಸಲ ಖರೇನಾ, ಅಣ್ಣಾ?”

ಮಣ್ಣು ಹಿಡಿದ ಮುಷ್ಟಿ ಹಾಗೆಯೇ ಇರಲು, ಮುದುಕಿಗೆ ಕುಣಿ ಕಾಣಲೆಂದು ಬಸವಣಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.