ಪ್ರಶ್ನೆ ಶಾಖೆಯ ಮೊಹರು

ಮೆಟ್ಟಿಲ ತಿರುವಿನಲ್ಲಿ ಹೆಣ ಸಿಕ್ಕಿಕೊಂಡಿತು.

"ತಲೆ ಕಡೆ ಎತ್ರೀ, ಗೋಡೆಗೆ ತಾಗತ್ತೆ!" ಎಂದು ಸತ್ತವನ ಭಾವಮೈದ ಕೂಗಿದ.

ಮೂವತ್ತೊಂದು ವರ್ಷ ಶಾಸನಸಭೆಯ ಪ್ರಶ್ನೆ ಶಾಖೆಯಲ್ಲಿ ಗುಮಾಸ್ತನಾಗಿದ್ದ ಈ ಮನುಷ್ಯ ಯಾರ ದಾರಿಗೂ ಅಡ್ಡ ಬಂದವನಲ್ಲ. ಬಂದದ್ದು ಇದೊಂದೇ ಸಲ.

ಕೆಳಗೆ ಶವವಾಹನದ ಪಕ್ಕ ಶಾಖಾಧಿಕಾರಿ ಚೀಲ ಹಿಡಿದು ನಿಂತಿದ್ದರು. ಸತ್ತವನ ಮೇಜಿನ ಮೇಲಿದ್ದುದನ್ನೆಲ್ಲ ಅವಸರದಲ್ಲಿ ಬಾಚಿ ತಂದಿದ್ದರು: ಕನ್ನಡಕ, ಲೋಟ, ಕಚೇರಿಯ ಮೊಹರು, ಮಸಿಪ್ಯಾಡು.

*

ಮೊನ್ನೆ ಕಚೇರಿಯಿಂದ ಬಂದವನ ಕಾಲು ಊದಿತ್ತು. ಮೂತ್ರಪಿಂಡ ಪೂರ್ತಿ ಕೈಕೊಟ್ಟಿತ್ತು.

"ದೊಡ್ಡಾಸ್ಪತ್ರೆಗೇ ಹೋಗೋಣ ರೀ," ಎಂದಳು ಹೆಂಡತಿ. "ಇಲ್ಲಿ ನಮ್ಮ ಬಡಾವಣೆ ಆಸ್ಪತ್ರೇಲಿ ಡಯಾಲಿಸಿಸ್ ಯಂತ್ರ ಕೆಟ್ಟು ಕೂತಿದೆಯಂತೆ. ಪಕ್ಕದ್ಮನೆಯವ್ರು ಹೇಳಿದ್ರು."

"ಅವ್ರಿಗೇನು ಗೊತ್ತು? ನಮ್ಮ ಶಾಸಕರು ಪ್ರಶ್ನೆ ಹಾಕಿದ್ರು, ಯಂತ್ರ ಸುಸ್ಥಿತಿಯಲ್ಲಿದೆ ಅಂತ ಮಂತ್ರಿಗಳು ಉತ್ತರ ಕೊಟ್ರು. ಕಾಗುಣಿತ ತಿದ್ದಿ ಅಚ್ಚಿಗೆ ಕಳಿಸಿದ್ದೇ ನಾನು. ಸದನದಲ್ಲಿ ಸುಳ್ಳು ಹೇಳಕ್ಕಾಗಲ್ಲ ಕಣೇ."

ಬಡಾವಣೆ ಆಸ್ಪತ್ರೆಗೇ ಹೋದರು. ಯಂತ್ರದ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ದೊಡ್ಡಾಸ್ಪತ್ರೆಗೆ ಗಾಡಿ ಸಿಗುವ ಹೊತ್ತಿಗೆ ಅವನ ಉಸಿರು ನಿಂತಿತ್ತು.

*

ಹೆಂಡತಿ ಅಳಲಿಲ್ಲ. ಅವಳಿಗೆ ಸತ್ತವನ ಮೇಲೇ ಸಿಟ್ಟು ಬಂದಿತ್ತು. ಹಾರ ಹಿಡಿದು ಬಂದ ಶಾಸಕರ ಮುಂದೆ ಒಂದು ಕಾಗದ ಚಾಚಿದಳು.

"ಮಗಳಿಗೂ ಅದೇ ಕಾಯಿಲೆ ಶುರುವಾಗಿದೆ ಸರ್. ಆ ಉತ್ತರ ಸುಳ್ಳು ಅಂತ ಬರ್ದಿದ್ದೀನಿ. ಯಂತ್ರ ಸರಿ ಮಾಡಿಸಿ."

"ಅಯ್ಯೋ, ಮತ್ತೆ ಪ್ರಶ್ನೆ ಹಾಕ್ತೀನಮ್ಮ."

ಶಾಖಾಧಿಕಾರಿ ಕೆಮ್ಮಿದರು. "ಒಂದ್ಸಲ ಉತ್ತರ ಆದ ಪ್ರಶ್ನೆ ಈ ವರ್ಷ ಮತ್ತೆ ತಗೊಳ್ಳಲ್ಲ ಸರ್. ಅಂಥವನ್ನೆಲ್ಲ ಇವರ ಯಜಮಾನ್ರೇ ವಾಪಸ್ ಕಳಿಸ್ತಿದ್ರು. ಒಂದೂ ಬಿಡ್ತಿರಲಿಲ್ಲ."

"ನಿಯಮ ಅಂದ್ಮೇಲೆ ಏನ್ ಮಾಡೋದು," ಎಂದ ಶಾಸಕರು ಹಾರ ಹಾಕಿ, ಫೋಟೊ ಆಯಿತೇ ಎಂದು ನೋಡಿ, ಕಾರು ಹತ್ತಿದರು.

ಅವಳ ಕೈಯಲ್ಲಿ ಕಾಗದ ಹಾಗೇ ಇತ್ತು. ಶಾಖಾಧಿಕಾರಿಗೆ ನಿಜವಾಗಿಯೂ ಕನಿಕರವಾಯಿತು.

"ಇದಕ್ಕೋಸ್ಕರ ನೀವು ಕಚೇರಿಗೆ ಅಲೆಯೋದು ಬೇಡಮ್ಮ. ಇಲ್ಲೇ ಮುಗಿಸಿಬಿಡೋಣ."

ಕಾಗದವನ್ನು ಶವವಾಹನದ ಬಾನೆಟ್ಟಿನ ಮೇಲೆ ಹರಡಿ, ಚೀಲದಿಂದ ಮೊಹರು ತೆಗೆದು, ಪ್ಯಾಡಿಗೆ ಒತ್ತಿ, ಗುದ್ದಿದರು. ಮಸಿ ಆರಲೆಂದು ಊದಿ ಅವಳ ಕೈಗಿತ್ತರು.

'ಈಗಾಗಲೇ ಉತ್ತರಿಸಲಾಗಿದೆ.' ಕೆಳಗೆ ಮೊನ್ನೆಯ ತಾರೀಖು, ಗಂಡನೇ ತಿರುಗಿಸಿಟ್ಟದ್ದು. ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅವನು ಮೊಹರನ್ನು ತಿಕ್ಕಿ ತೊಳೆಯುತ್ತಿದ್ದ. ಒಂದಕ್ಷರವೂ ಮಸುಕಾಗಿರಲಿಲ್ಲ.