ಗಾಲಿಕುರ್ಚಿಗೆ ಒಂದು ಹೊಸ್ತಿಲು

ನನ್ನನ್ನು ಯಾರಾದರೂ ಎತ್ತಿದರೆ ಮೈಯೆಲ್ಲ ಉರಿಯುತ್ತದೆ. ಕಕ್ಕಿಂಜೆಯ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಗಾಲಿಕುರ್ಚಿಗೆ ಬಂದಾಗ ನಾನು ಕಳೆದುಕೊಂಡದ್ದು ಕಾಲಿನ ಬಲ ಮಾತ್ರ, ನಾಲಿಗೆಯದ್ದಲ್ಲ. ಬೆಳ್ತಂಗಡಿಯಲ್ಲಿ ನಾನು ಗಣಿತ ಕಲಿಸುವ ಶಾಲೆಗೆ ಜಗಳ ಮಾಡಿಯೇ ಇಳಿಜಾರು ಕಟ್ಟಿಸಿದೆ. ಶಶಿಪ್ರಭಾ ಟೀಚರ್ ಬಾಯಿಗೆ ಸಿಕ್ಕಬಾರದು ಎಂದು ಊರವರು ಹೇಳುವುದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೇನೆ.

ಅಂಥವಳು ಒಬ್ಬನ ಮುಂದೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಪುಣೆಯಲ್ಲಿ ಹೋಟೆಲು ನಡೆಸುವ ನನ್ನ ಅಣ್ಣ ಭೋಜಣ್ಣ ನನ್ನ ಹೆಸರಿಗೆ ಮಾಣಿ ಊರಿನಲ್ಲಿ ಮನೆ ಕಟ್ಟಿಸುತ್ತಿದ್ದ. ಮೂಡುಬಿದಿರೆಯ ಎಂಜಿನಿಯರ್ ರವಿರಾಜರ ಪ್ಲಾನು. ಕಾರು ಸಿಟೌಟಿನ ಮಟ್ಟಕ್ಕೇ ಬಂದು ನಿಲ್ಲುವ ಹಾಗೆ ಮಾಡಿದ್ದರು, ಒಂದೇ ಒಂದು ಮೆಟ್ಟಿಲಿರಲಿಲ್ಲ. ಆದರೆ ಮುಂಬಾಗಿಲಿಗೆಂದು ಅಣ್ಣ ಹಲಸಿನ ಮರದ ದಾರಂದ ಮಾಡಿಸಿದ್ದ. ಮೇಲೆ ಬಳ್ಳಿ, ಆನೆ ಕೆತ್ತಿದ ಆ ಚೌಕಟ್ಟಿನ ಕೆಳಗೆ ಗೇಣೆತ್ತರದ ಹೊಸ್ತಿಲು. ಅದನ್ನು ಕಂಡಾಗಲೆಲ್ಲ ಅವನ ಮುಖ ಅರಳುತ್ತಿತ್ತು.

"ನೀನು ಹಿಂದಿನ ಬಾಗಿಲಿಂದ ಬಂದರಾಯ್ತು. ಅಲ್ಲಿ ಹೊಸ್ತಿಲು ಇಲ್ಲ. ಹಬ್ಬಕ್ಕೆಲ್ಲ ಎತ್ತಿ ದಾಟಿಸುವ, ಜನ ಇಲ್ವಾ?" ಎಂದಿದ್ದ.

ನನ್ನ ಮನೆಗೆ ನಾನು ಬಟ್ಟೆ ಒಗೆಯುವ ಕಲ್ಲಿನ ಪಕ್ಕದಿಂದ ಹೋಗಬೇಕು! ಆದರೆ ಅಷ್ಟು ಪ್ರೀತಿಯಿಂದ ಕಟ್ಟಿಸುವವನ ಹತ್ತಿರ ಇದನ್ನು ಹೇಗೆ ಹೇಳುವುದು? ನುಂಗಿಕೊಂಡೆ. ಬರುವ ಗುರುವಾರ ದಾರಂದ ಇಡುವ ಮುಹೂರ್ತವಿತ್ತು. ಒಮ್ಮೆ ಇಟ್ಟ ಮೇಲೆ ಅದನ್ನು ಕೀಳುವ ಮಾತೇ ಇಲ್ಲ.

ನನ್ನ ಮಗಳು ತೃಷಾ ಮಿಜಾರಿನಲ್ಲಿ ಆರ್ಕಿಟೆಕ್ಚರ್ ಓದುತ್ತಾಳೆ. ರವಿರಾಜರ ಪ್ಲಾನಿನ ಫೈಲು ತೆಗೆದುಕೊಂಡು, ಇಡೀ ಮನೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸುತ್ತೇನೆ ಎಂದು ಕೂತಿದ್ದಳು. ಒಂದು ಮಧ್ಯಾಹ್ನ ಮಲಗಿ ಎದ್ದು ನೋಡುತ್ತೇನೆ, ಮಹಾರಾಯ್ತಿ ನನ್ನ ಗಾಲಿಕುರ್ಚಿಯಲ್ಲಿ ಕೂತು, ಟೇಪು ಹಿಡಿದುಕೊಂಡು ಕೋಣೆಯೆಲ್ಲ ಸುತ್ತುತ್ತಿದ್ದಾಳೆ.

"ಆಟದ ಸಾಮಾನಾ ಅದು? ಇಳಿ!" ಎಂದು ಗದರಿದೆ. ಟೇಪು ಸುತ್ತಿಕೊಂಡು ಇಳಿದಳು. ತಪ್ಪು ಮಾಡಿದವರ ಮುಖವಂತೂ ಅದಲ್ಲ.

ಭಾನುವಾರ ನಮ್ಮ ಬಾಡಿಗೆ ಮನೆಯ ಟಿವಿಗೆ ಲ್ಯಾಪ್‌ಟಾಪು ಜೋಡಿಸಿದಳು. ಅಣ್ಣನೂ ರವಿರಾಜರೂ ಬಂದಿದ್ದರು. ಪರದೆಯ ಮೇಲೆ ಗೇಟು, ಅಂಗಳ, ಕೆಂಪು ಹಂಚಿನ ಮಾಡು, ಎಲ್ಲ ಕಣ್ಣೆದುರು ಎದ್ದು ನಿಂತಿದ್ದವು. ನನ್ನ ಮನೆಯನ್ನು ನಾನು ಮೊದಲು ಕಂಡದ್ದು ಹಾಗೆ.

"ಈ ಬಾಣದ ಗುರುತು ಒತ್ತಿ ಮಾಮ, ನಡೆದುಕೊಂಡು ಹೋಗಬಹುದು" ಎಂದು ಲ್ಯಾಪ್‌ಟಾಪನ್ನು ಅಣ್ಣನ ಮುಂದಿಟ್ಟಳು.

ಅಣ್ಣ ಒತ್ತಿದ. ಅಂಗಳ ದಾಟಿ ಸಿಟೌಟಿಗೆ ಬಂದ. "ಇದೆಂತ ಮಾರಾಯ್ತಿ, ಮಕ್ಕಳು ನೋಡಿದ ಹಾಗೆ ಕಾಣ್ತದೆ? ನನ್ನ ಆನೆ ಎಲ್ಲಿ?" ಆನೆ ಪರದೆಯ ಆಚೆ, ಎಲ್ಲೋ ಮೇಲಿತ್ತು. ಎದುರಿಗೆ ಹೊಸ್ತಿಲು. ಮತ್ತೆ ಒತ್ತಿದ. ಚಿತ್ರ ಅಲ್ಲಾಡಲಿಲ್ಲ. ಕೀಲಿಗಳೆಲ್ಲ ಕಿತ್ತು ಬರುವ ಹಾಗೆ ಒತ್ತಿದ.

"ಹ್ಯಾಂಗ್ ಆಯ್ತಾ?"

ರವಿರಾಜರಿಗೆ ಈ ಸಾಫ್ಟ್‌ವೇರು ಗೊತ್ತಿತ್ತು. "ಇಲ್ಲ ಭೋಜಣ್ಣ. ಅಡ್ಡ ಏನಾದರೂ ಬಂದರೆ ನಿಲ್ಲಬೇಕು ಅಂತ ಸೆಟ್ಟಿಂಗ್ ಉಂಟು. ಅದನ್ನು ಆಫ್ ಮಾಡು ತೃಷಾ, ದಾಟ್ತದೆ."

"ಇಲ್ಲಿ ಆಫ್ ಮಾಡಬಹುದು ಸರ್. ಅಮ್ಮನಿಗೆ ಎಲ್ಲಿ ಆಫ್ ಮಾಡುವುದು?"

ಅವಳು ಮೆಲ್ಲಗೆ ವಿವರಿಸಿದಳು: ಈ ಸಾಫ್ಟ್‌ವೇರಿನಲ್ಲಿ ನಡೆಯುವವನ ಕಣ್ಣು ನಿಂತ ಗಂಡಸಿನ ಎತ್ತರಕ್ಕೆ ಇರುತ್ತದಂತೆ. ಅದನ್ನು ಅವಳು ನನ್ನ ಕುರ್ಚಿಯ ಎತ್ತರಕ್ಕೆ ಇಳಿಸಿದ್ದಳು. ಚಕ್ರ ಎಷ್ಟು ಹತ್ತುತ್ತದೋ ಅಷ್ಟನ್ನೇ ಹತ್ತಲು ಬಿಟ್ಟಿದ್ದಳು. ಪ್ಲಾನಿನಲ್ಲಿ ಹೊಸ್ತಿಲೆಂದರೆ ಎರಡು ಗೆರೆ. ಆ ಗೆರೆಗಳ ಎತ್ತರ ಅವರಿಬ್ಬರಿಗೂ ಕಂಡಿರಲಿಲ್ಲ. ಇವಳು ಅದನ್ನು ನನ್ನ ಕುರ್ಚಿಯಲ್ಲಿ ಕೂತು ಕಂಡಿದ್ದಳು.

ಅಣ್ಣನ ಮುಖ ಕೆಂಪಾಯಿತು. "ನೀನು ಯಾಕೆ ಹೇಳಲಿಲ್ಲ ಶಶೀ?"

ಈಗಲೂ ಸುಮ್ಮನಿದ್ದರೆ ನಾನು ಆ ಮಗಳ ತಾಯಿಯೇ ಅಲ್ಲ. "ಅಣ್ಣಾ, ನನ್ನ ಮನೆಗೆ ನಾನೇ ಹೋಗಬೇಕು. ಮುಂಬಾಗಿಲಿಂದ. ಯಾರೂ ಎತ್ತಬಾರದು" ಎಂದೆ.

"ಹೊಸ್ತಿಲಿಲ್ಲದ ಮನೆ ಉಂಟಾ? ಪೂಜೆ ಎಲ್ಲಿಗೆ ಮಾಡುವುದು?"

ತೃಷಾ ಇನ್ನೊಂದು ಮನೆ ತೆರೆದಳು. ಅದೇ ದಾರಂದ, ಅದೇ ಆನೆ. ಹೊಸ್ತಿಲನ್ನು ಮಾತ್ರ ನೆಲದೊಳಗೆ ಇಳಿಸಿ, ಅದರ ಮೇಲ್ಮೈಯನ್ನು ನೆಲಕ್ಕೆ ಸಮ ಮಾಡಿದ್ದಳು. ಅಣ್ಣ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದ.

"ಚೆಂದ ಉಂಟು. ಆದರೆ ಹೊಸ್ತಿಲನ್ನು ತುಳಿದ ಹಾಗಾಗ್ತದಲ್ಲ?"

"ಉಳಿದವರು ದಾಟಿ ಬರಲಿ. ತುಳಿಯಲಿಕ್ಕೆ ನನಗೆ ಕಾಲೆಲ್ಲಿ ಉಂಟು ಅಣ್ಣಾ?" ಎಂದು ನಕ್ಕೆ. ಬಿದ್ದ ಮೇಲೆ ಆ ಕಾಲುಗಳ ಬಗ್ಗೆ ನಾನು ತಮಾಷೆ ಮಾಡಿದ್ದು ಅದೇ ಮೊದಲು. ಅಣ್ಣನಿಗೆ ನಗಲಿಕ್ಕೂ ಆಗಲಿಲ್ಲ, ಅಳಲಿಕ್ಕೂ ಆಗಲಿಲ್ಲ. ಬಾಣದ ಗುರುತು ಒತ್ತಿದ. ಚಿತ್ರ ತಡೆಯಿಲ್ಲದೆ ಹೊಸ್ತಿಲ ಮೇಲೆ ಹಾದು, ಚಾವಡಿ ದಾಟಿ, ದೇವರ ಕೋಣೆಯ ಎದುರು ನಿಂತಿತು. ಅವನು ಟವೆಲಿನಿಂದ ಮುಖ ಒರೆಸಿಕೊಂಡು ರವಿರಾಜರಿಗೆ, "ಗುರುವಾರ ಹೀಗೇ ಇಡುವ" ಎಂದ.

ಗೃಹಪ್ರವೇಶದ ದಿನ ನನ್ನನ್ನು ಎತ್ತಲು ನೆಂಟರಿಬ್ಬರು ತೋಳು ಮಡಚಿ ಸಿದ್ಧರಾಗಿ ನಿಂತಿದ್ದರು. ಅಣ್ಣನೇ ಅವರನ್ನು ಹಿಂದೆ ಸರಿಸಿದ. "ಈ ಬಾಗಿಲು ಮಾಡಿದ್ದು ಯಾರು ಗೊತ್ತುಂಟಾ? ನನ್ನ ತಂಗಿಯ ಮಗಳು!" ಎಂದು ರವಿರಾಜರ ಎದುರೇ ಗಟ್ಟಿಯಾಗಿ ಹೇಳಿದ. ತೃಷಾ ನಾಚಿಕೊಂಡು ಫೋನು ನೋಡತೊಡಗಿದಳು. ನನಗೆ ನಾಚಿಕೆಗೀಚಿಕೆ ಏನೂ ಆಗಲಿಲ್ಲ. ನನ್ನ ಮಗಳು ಎನ್ನುವ ಹೆಮ್ಮೆಗೆ ಎದೆ ಉಬ್ಬಿ ಬಂತು, ಅದನ್ನು ಬಚ್ಚಿಡಲೂ ಹೋಗಲಿಲ್ಲ.

ಅವತ್ತು ಎಲ್ಲರೂ ಅರಸಿನ ಕುಂಕುಮ ಹಚ್ಚಿದ ಹೊಸ್ತಿಲನ್ನು ಕಾಲೆತ್ತಿ ದಾಟಿ ಒಳಗೆ ಬಂದರು. ನಾನೊಬ್ಬಳು ಮಾತ್ರ ಚಕ್ರಕ್ಕೆ ಕುಂಕುಮ ಮೆತ್ತಿಕೊಂಡು, ಅದರ ಮೇಲೆಯೇ ಬಂದೆ.